ಒಂದೇ ಸೂರು ಸಾಕೇ?

ಕೊಚ್ಚಿಯಲ್ಲಾಗಲಿ ತಿರುವನಂತಪುರದಲ್ಲಾಗಲಿ, ದೊಡ್ಡ ಆಸ್ಪತ್ರೆಗಳ ಶ್ವಾಸಕೋಶ ವಿಭಾಗದ ಮಾತು ಬಂದರೆ ಒಂದು ಹೊಗಳಿಕೆ ತಪ್ಪದೆ ಕೇಳಿಬರುತ್ತದೆ: ಎಲ್ಲವೂ ಒಂದೇ ಸೂರಿನಡಿ. ಎದೆರೋಗದ ತಜ್ಞರು, ಹೃದ್ರೋಗ ತಜ್ಞರು, ಫಿಸಿಯೋಥೆರಪಿ, ಪಥ್ಯ ಹೇಳುವವರು, ಸ್ಕ್ಯಾನಿಂಗ್, ಔಷಧದಂಗಡಿ ಎಲ್ಲ ಅಲ್ಲೇ. ಇದಕ್ಕೆ ‘ಸಮಗ್ರ ಆರೈಕೆ’ ಎಂಬ ಹೆಸರೂ ಬಂದಿದೆ. ಈ ಹೆಸರಿನ ಬಗ್ಗೆ ನನ್ನದೊಂದು ವಿನಯದ ತಕರಾರಿದೆ. ಒಂದೇ ಸೂರಿನಡಿ ಕೂಡಿರುವುದು ವೈದ್ಯರು. ರೋಗಿಯ ಬದುಕು ಇನ್ನೂ ಚದುರಿಯೇ ಇದೆ.

ಒಂದೇ ಸೂರಿನ ಪರವಾಗಿರುವ ವಾದ ದುರ್ಬಲವಾದುದೇನಲ್ಲ. ಏದುಸಿರು ಬಿಡುವ ಅರವತ್ತೈದರ ವ್ಯಕ್ತಿಗೆ ಇರುವುದು ಸಿಒಪಿಡಿಯೋ (ಉಸಿರಿನ ದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ), ಹೃದಯದ ದೌರ್ಬಲ್ಯವೋ, ಹಿಂದೆಂದೋ ವಾಸಿಯಾದ ಕ್ಷಯ ಉಳಿಸಿಹೋದ ಗಾಯವೋ ಎಂಬುದನ್ನು ಬರಿಯ ಸ್ಟೆತಸ್ಕೋಪ್ ಹಿಡಿದು ಹೇಳಲಾಗದು. ತಪ್ಪು ಹೆಸರಿನ ಕಾಯಿಲೆಗೆ ವರ್ಷಗಟ್ಟಲೆ ಔಷಧ ನುಂಗುವವರು ಕಡಿಮೆಯಿಲ್ಲ. ರೋಗ ಯಾವುದೆಂದು ತೀರ್ಮಾನಿಸಲು ಒಂದೆರಡು ಸಲ ದೊಡ್ಡ ಆಸ್ಪತ್ರೆ ಬೇಕೇ ಬೇಕು. ನನ್ನ ಪ್ರಶ್ನೆ ಅದರ ನಂತರದ ಹತ್ತು ಹದಿನೈದು ವರ್ಷಗಳದ್ದು.

ಸಿಒಪಿಡಿ ವಾಸಿಯಾಗುವ ಕಾಯಿಲೆಯಲ್ಲ, ಸಂಭಾಳಿಸಿಕೊಂಡು ಬದುಕುವಂಥದ್ದು. 2016ರ ಅಂದಾಜಿನಂತೆ ಭಾರತದಲ್ಲಿ ಸುಮಾರು 5.53 ಕೋಟಿ ಜನರಿಗೆ ಇದಿತ್ತು. ಬೀಡಿ-ಸಿಗರೇಟು ಸೇದದ, ಸೌದೆ ಒಲೆಯ ಮುಂದೆ ಆಯುಸ್ಸು ಸವೆಸಿದ ಹೆಂಗಸರೂ ಇದರಲ್ಲಿದ್ದಾರೆ. ಇವರ ಚಿಕಿತ್ಸೆ ದಿನವೂ ನಡೆಯುವುದು ಅಡುಗೆಮನೆಯಲ್ಲಿ, ಬಚ್ಚಲಿನ ಮೆಟ್ಟಿಲ ಬಳಿ, ರಾತ್ರಿ ಎರಡು ಗಂಟೆಗೆ ಹಾಸಿಗೆಯ ಮೇಲೆ ಎದ್ದು ಕೂತಾಗ.

ಜನ ‘ಪಂಪು’ ಎನ್ನುವ ಇನ್‌ಹೇಲರನ್ನೇ ನೋಡಿ. ಅದನ್ನು ಅಲುಗಾಡಿಸಬೇಕು, ಉಸಿರನ್ನು ಪೂರ್ತಿ ಹೊರಬಿಡಬೇಕು, ಬಾಯಲ್ಲಿಟ್ಟು ನಿಧಾನವಾಗಿ ಉಸಿರೆಳೆಯಲು ಶುರುಮಾಡುತ್ತಿದ್ದಂತೆಯೇ ಒತ್ತಬೇಕು, ಆಮೇಲೆ ಹತ್ತು ಎಣಿಸುವವರೆಗೆ ಉಸಿರು ಕಟ್ಟಿ ಹಿಡಿಯಬೇಕು. ಪುಡಿ ತುಂಬಿದ ಕ್ಯಾಪ್ಸೂಲ್ ಹಾಕಿ ಎಳೆಯುವ ಸಾಧನಕ್ಕೆ ಇದರ ತದ್ವಿರುದ್ಧ ನಿಯಮ. ಅಲ್ಲಿ ಒಂದೇ ದಮ್ಮಿಗೆ ಜೋರಾಗಿ ಎಳೆಯಬೇಕು. ಎರಡನ್ನೂ ಒಟ್ಟಿಗೆ ಬರೆದುಕೊಟ್ಟಾಗ ಅದಕ್ಕಿದು, ಇದಕ್ಕದು ಆಗುತ್ತದೆ. ಆ ಕ್ಯಾಪ್ಸೂಲನ್ನು ಮಾತ್ರೆಯೆಂದು ತಿಳಿದು ನೀರು ಕುಡಿದು ನುಂಗುವವರೂ ಇದ್ದಾರೆ. ದುಬಾರಿ ಔಷಧ ಗಂಟಲು ದಾಟಿ ಹೊಟ್ಟೆಗೆ ಹೋಗುತ್ತದೆ, ಶ್ವಾಸಕೋಶಕ್ಕೆ ತಲುಪುವುದೇ ಇಲ್ಲ. ಆರು ತಿಂಗಳಿಗೊಮ್ಮೆ ಐದು ನಿಮಿಷ ನೋಡುವ ತಜ್ಞರಿಗೆ ಇದು ಗೊತ್ತಾಗುವ ಬಗೆ ಹೇಗೆ? ಮನೆಗೆ ಬಂದು ‘ಒಂದ್ಸಲ ಎಳೆದು ತೋರಿಸಿ ಅಮ್ಮಾ’ ಎನ್ನುವ ನರ್ಸ್‌ಗೆ ಎರಡೇ ನಿಮಿಷದಲ್ಲಿ ಗೊತ್ತಾಗುತ್ತದೆ.

ವ್ಯಾಯಾಮದ ಸಂಗತಿಯೂ ಹೀಗೆಯೇ. ಶ್ವಾಸಕೋಶ ಪುನಶ್ಚೇತನ ಎಂಬ ತರಬೇತಿಯಿಂದ ಏದುಸಿರು ಕಡಿಮೆಯಾಗುತ್ತದೆ, ನಡೆಯುವ ಶಕ್ತಿ ಹೆಚ್ಚುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಗಳಿವೆ. ಆದರೆ ಅದಕ್ಕೆ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ದಿನದಂತೆ ಎಂಟು ವಾರಗಳಾದರೂ ಬೇಕು. ಇಡುಕ್ಕಿ ಜಿಲ್ಲೆಯಲ್ಲಿ ರೈಲಿಲ್ಲ. ಘಟ್ಟದ ತಿರುವುಗಳಲ್ಲಿ ಬಸ್ಸು ಹಿಡಿದು ಕೊಚ್ಚಿಗೆ ವಾರಕ್ಕೆರಡು ಸಲ ಬನ್ನಿ ಎಂದು, ಹತ್ತು ಹೆಜ್ಜೆ ನಡೆದರೆ ಕೂರಬೇಕಾದ ತೋಟದ ಕೂಲಿಗೆ ಹೇಳುವುದು ಹೇಳಿಯೂ ಹೇಳದಂತೆ. ಮನೆಯಲ್ಲಿ ಆಮ್ಲಜನಕ ಬೇಕಾದವರ ಪಾಡು ಇನ್ನೂ ಕಠಿಣ. ರಕ್ತದಲ್ಲಿ ಆಮ್ಲಜನಕ ತೀರ ಕುಸಿದವರಿಗೆ ದಿನಕ್ಕೆ ಕನಿಷ್ಠ 15 ಗಂಟೆ ಕೊಟ್ಟರೆ ಆಯುಸ್ಸು ಹೆಚ್ಚುತ್ತದೆಂದು 1980-81ರಷ್ಟು ಹಿಂದೆಯೇ ಸಾಬೀತಾಗಿದೆ. ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿ ಕೊಡುವ, ಸುಮಾರು 350 ವ್ಯಾಟ್ ಎಳೆಯುವ ಕಾನ್ಸೆಂಟ್ರೇಟರ್ ಅಷ್ಟು ಹೊತ್ತು ಓಡಿದರೆ ತಿಂಗಳಿಗೆ 150 ಯೂನಿಟ್ ದಾಟುತ್ತದೆ. ಕರೆಂಟ್ ಬಿಲ್ಲಿಗೆ ಹೆದರಿ ಯಂತ್ರವನ್ನು ಆರೇ ಗಂಟೆ ಓಡಿಸಿ ಆರಿಸಿಬಿಡುವ ಮನೆಗೆ ಆಸ್ಪತ್ರೆಯ ಸೂರು ಚಾಚುವುದಿಲ್ಲ.

ಮನೆಗೇ ಹೋಗಿ ಆರೈಕೆ ಮಾಡುವುದು ಕೇರಳಕ್ಕೆ ಗೊತ್ತಿಲ್ಲದ ವಿದ್ಯೆಯೇನಲ್ಲ, ಅದಕ್ಕೇ ನನ್ನ ತಕರಾರಿಗೆ ಬಲ ಬಂದಿರುವುದು. 1993ರಲ್ಲಿ ಕೋಳಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಶುರುಮಾಡಿದ ಉಪಶಾಮಕ ಆರೈಕೆಯ ಕೆಲಸ ಊರೂರಿಗೂ ಹಬ್ಬಿತು. ಸ್ಥಳೀಯ ಸ್ವಯಂಸೇವಕರು ಕೈಜೋಡಿಸಿದರು, ನರ್ಸ್‌ಗಳು ಜೀಪಿನಲ್ಲಿ, ಆಟೋದಲ್ಲಿ ಮನೆಮನೆಗೆ ಹೋದರು. 2003ರಲ್ಲಿ ತಿರುವನಂತಪುರದಲ್ಲಿ ಇದೇ ಕೆಲಸಕ್ಕೆ ‘ಪಾಲಿಯಂ ಇಂಡಿಯಾ’ ಸಂಸ್ಥೆ ಹುಟ್ಟಿತು. 2008ರಲ್ಲಿ ರಾಜ್ಯ ಸರ್ಕಾರ ಇದಕ್ಕೊಂದು ನೀತಿಯನ್ನೇ ರೂಪಿಸಿತು. 2017ರಲ್ಲಿ ಆರಂಭವಾದ ‘ಆರ್ದ್ರಂ’ ಯೋಜನೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಕುಟುಂಬ ಆರೋಗ್ಯ ಕೇಂದ್ರಗಳಾಗಿ ಮಾರ್ಪಡಿಸುತ್ತ, ‘ಶ್ವಾಸ್’ ಹೆಸರಿನಲ್ಲಿ ಸಿಒಪಿಡಿ ಮತ್ತು ಅಸ್ತಮಾ ರೋಗಿಗಳಿಗೆ ಊರಿನಲ್ಲೇ ತಪಾಸಣೆ, ಇನ್‌ಹೇಲರ್, ಉಸಿರಾಟದ ತರಬೇತಿ ಕೊಡುವ ಕ್ಲಿನಿಕ್‌ಗಳನ್ನು ತೆರೆದರು. ದೇಶದ ಕಣ್ಣು ಬೀಳಬೇಕಾದದ್ದು ಇಲ್ಲಿ. ಬಣ್ಣದ ಜಾಹೀರಾತು ಇದಕ್ಕಿಲ್ಲವಾದ್ದರಿಂದ ನಗರದ ಆಸ್ಪತ್ರೆಯೇ ಎದ್ದು ಕಾಣುತ್ತದೆ.

ನನ್ನ ವಾದಕ್ಕೆ ತೊಡಕಾಗುವ ಪುರಾವೆಯೂ ಇದೆ, ಅದನ್ನು ಬದಿಗೆ ಸರಿಸುವುದು ಸರಿಯಲ್ಲ. ಅಮೆರಿಕದಲ್ಲಿ ಮಾಜಿ ಸೈನಿಕರ 20 ಆಸ್ಪತ್ರೆಗಳಲ್ಲಿ 426 ಸಿಒಪಿಡಿ ರೋಗಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಉಸಿರಾಟ ಹದಗೆಟ್ಟರೆ ಮನೆಯಲ್ಲೇ ಏನು ಮಾಡಬೇಕೆಂದು ಕಲಿಸಿ, ಫೋನಿನಲ್ಲಿ ವಿಚಾರಿಸಿಕೊಳ್ಳುವ ಕ್ರಮ. ಆ ಗುಂಪಿನಲ್ಲಿ 28 ಸಾವು, ಮಾಮೂಲು ಚಿಕಿತ್ಸೆಯ ಗುಂಪಿನಲ್ಲಿ 10. ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಿದರು; 2012ರಲ್ಲಿ ವರದಿ ಬಂತು. ನೆದರ್‌ಲ್ಯಾಂಡ್ಸ್‌ನಲ್ಲಿ 40 ಕುಟುಂಬವೈದ್ಯರ ಕ್ಲಿನಿಕ್‌ಗಳಲ್ಲಿ ಅರ್ಧದಷ್ಟಕ್ಕೆ ಸಮಗ್ರ ಆರೈಕೆಯ ತರಬೇತಿ ಕೊಟ್ಟು, ಉಳಿದವನ್ನು ಮಾಮೂಲಿನಂತೆ ಬಿಟ್ಟು ಒಟ್ಟು 1,086 ರೋಗಿಗಳನ್ನು ಗಮನಿಸಿದಾಗ ಎರಡೂ ಕಡೆಯವರ ಜೀವನದ ಗುಣಮಟ್ಟದಲ್ಲಿ ಹೇಳಿಕೊಳ್ಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಇನ್ನೊಂದೆಡೆ, 52 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2021ರ ಕಾಕ್ರೇನ್ ವಿಮರ್ಶೆ, ಸಮಗ್ರ ಆರೈಕೆಯಿಂದ ಆಸ್ಪತ್ರೆ ಸೇರುವುದು ಕಡಿಮೆಯಾಗುತ್ತದೆ, ನಡೆಯುವ ಶಕ್ತಿ ಹೆಚ್ಚುತ್ತದೆ, ಸಾವಿನ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ ಕಾಣದು ಎನ್ನುತ್ತದೆ. ಇವೆಲ್ಲವನ್ನೂ ಎದುರಿಗಿಟ್ಟುಕೊಂಡು ನಾನು ತಲುಪುವ ತೀರ್ಮಾನ ಇಷ್ಟು: ರೋಗಿಯ ಕೈಗೆ ಕಾಗದವನ್ನೂ ಫೋನ್ ನಂಬರನ್ನೂ ಕೊಟ್ಟು ಮನೆಗೆ ಕಳಿಸುವುದು ಆರೈಕೆಯಲ್ಲ. ಮನೆಗೆ ಹೋಗುವವರು ಮುಟ್ಟಿ ನೋಡಬೇಕು, ನಡೆಸಿ ನೋಡಬೇಕು, ಕೈಮೀರುತ್ತಿದೆ ಎನಿಸಿದ ಕ್ಷಣ ಆಸ್ಪತ್ರೆಗೆ ಸಾಗಿಸುವ ಅಧಿಕಾರವೂ ಅವರಿಗಿರಬೇಕು. ದೊಡ್ಡ ಆಸ್ಪತ್ರೆ ಆ ಕರೆಗೆ ಓಗೊಡಬೇಕು.

2023ರ ಮಾರ್ಚ್ 2ರಂದು ಕೊಚ್ಚಿಯ ಬ್ರಹ್ಮಪುರಂ ಕಸದ ಗುಡ್ಡಕ್ಕೆ ಬೆಂಕಿ ಬಿದ್ದು ಹನ್ನೆರಡು ದಿನ ಹೊಗೆಯಾಡಿತಲ್ಲ, ಆಗಲೂ ಇದೇ ಕಂಡಿತು. ಆಸ್ಪತ್ರೆಗಳಲ್ಲಿ ವಿಶೇಷ ಕ್ಲಿನಿಕ್ ತೆರೆದದ್ದು ಒಳ್ಳೆಯದೇ. ಆದರೆ ಮನೆಯಿಂದ ಹೊರಗೆ ಕಾಲಿಡಲಾಗದವರನ್ನು ಹುಡುಕಲು ಆಶಾ ಕಾರ್ಯಕರ್ತೆಯರೇ ಬಾಗಿಲು ಬಾಗಿಲಿಗೆ ಹೋಗಬೇಕಾಯಿತು. ಇನ್ನೂ ಒಂದು ಮಾತು. ಕೇರಳದಲ್ಲಿ ಆರೋಗ್ಯ ಕೇಂದ್ರವೂ ಕಸ ವಿಲೇವಾರಿಯೂ ಸ್ಥಳೀಯ ಸಂಸ್ಥೆಯ ಕೈಯಲ್ಲೇ ಇವೆ. ಉಸಿರಾಟದ ರೋಗಿಗಳ ಪಟ್ಟಿ ಮತ್ತು ಕಸ ಸುಡುವ ಜಾಗಗಳ ಪಟ್ಟಿ ಒಂದೇ ಮೇಜಿನ ಮೇಲೆ ಬರಲು ಯಾವ ಅಡ್ಡಿಯೂ ಇರಬಾರದು. ಯಾವ ಆಸ್ಪತ್ರೆಗೂ ಸಾಧ್ಯವಿಲ್ಲದ ಈ ಜೋಡಣೆ ಪಂಚಾಯ್ತಿಗೆ ಸಾಧ್ಯ.

ದೂರದ ಸೂರನ್ನೇ ನಂಬಿದರೆ ಏನಾಗುತ್ತದೆಂದು ಕಾಸರಗೋಡಿನ ಕನ್ನಡಿಗರಿಗೂ ಮಲಯಾಳಿಗಳಿಗೂ ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಕಾಯಿಲೆಗೆಲ್ಲ ಅವರು ಮಂಗಳೂರನ್ನೇ ನೆಚ್ಚಿದ್ದರು. 2020ರ ಮಾರ್ಚ್‌ನಲ್ಲಿ, ಕೋವಿಡ್ ಲಾಕ್‌ಡೌನಿನ ಹೊತ್ತಿಗೆ, ತಲಪಾಡಿಯ ಗಡಿ ಮುಚ್ಚಿತು, ಆಂಬುಲೆನ್ಸ್‌ಗಳು ನಿಂತವು, ಚಿಕಿತ್ಸೆ ಸಿಗದೆ ರೋಗಿಗಳು ಸತ್ತರು. ಮಾತು ಕೇರಳ ಹೈಕೋರ್ಟಿನವರೆಗೆ ಹೋಯಿತು.

ಕರ್ನಾಟಕ 2024ರಲ್ಲಿ ಕೋಲಾರದಿಂದ ಶುರುಮಾಡಿದ ‘ಗೃಹ ಆರೋಗ್ಯ’ ಯೋಜನೆ ಬಿಪಿ, ಶುಗರ್ ನೋಡಲು ಮನೆಬಾಗಿಲಿಗೆ ಹೋಗುತ್ತಿದೆ. ಹೇಗೂ ಬಾಗಿಲಿಗೆ ಬಂದವರು ಒಳಗೆ ಬಂದು ಇನ್‌ಹೇಲರ್ ಎಳೆಯುವುದನ್ನೂ ನೋಡಲಿ, ಅಂಗಳದಲ್ಲಿ ಆರು ನಿಮಿಷ ನಡೆಸಿಯೂ ನೋಡಲಿ. ನಿಮ್ಮ ಮನೆಯಲ್ಲಿ ಉಬ್ಬಸದ ಹಿರಿಯರಿದ್ದರೆ, ಅವರನ್ನು ಆಸ್ಪತ್ರೆಯಿಂದ ಕರೆತರುವ ಮೊದಲು ಒಂದು ಪ್ರಶ್ನೆ ಕೇಳಿ: ಮುಂದಿನ ವಾರ ಇವರನ್ನು ಮನೆಗೆ ಬಂದು ನೋಡುವವರು ಯಾರು? ಉತ್ತರ ಸಿಗದಿದ್ದರೆ ನಿಮ್ಮ ಪಂಚಾಯ್ತಿ ಸದಸ್ಯರನ್ನು ಕೇಳಿ, ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಿ, ಉತ್ತರ ಸಿಗುವವರೆಗೂ ಕೇಳುತ್ತಿರಿ.