ಬನ್ನಿನೊಳಗೆ ಹಿತಕಿದವರೆ

ಅಮೆರಿಕದ ಮನೆಗಳಲ್ಲಿ 'ಸ್ಲಾಪಿ ಜೋ' ಎಂಬ ತಿನಿಸೊಂದಿದೆ. ಟೊಮೇಟೊ ರಸದಲ್ಲಿ ಬೇಯಿಸಿದ ಕೊಚ್ಚಿದ ಮಾಂಸವನ್ನು ಬನ್ನಿನ ನಡುವೆ ತುಂಬಿ, ಕೈಬಾಯಿಗೆಲ್ಲ ಮೆತ್ತಿಕೊಳ್ಳುತ್ತ ಬಿಸಿಯಾಗಿ ತಿನ್ನುತ್ತಾರೆ. ಮುಂಬಯಿಯ ಪಾವ್ ಭಾಜಿ ಅದರ ದೂರದ ಬಂಧು. 'ಪಾವ್' ಎಂಬ ಪದ ಪೋರ್ಚುಗೀಸರಿಂದ ಬಂದುದು.

ಹೊಸೂರಿನ ನಮ್ಮ ಅಡುಗೆಮನೆಗಳಲ್ಲಿಯೂ ಇದಕ್ಕೆ ಬೇಕಾದುದೆಲ್ಲ ಉಂಟು. ಅವರೆಯ ಕಾಲದಲ್ಲಿ ಹಿತಕಿದ ಬೇಳೆಯನ್ನು ಈರುಳ್ಳಿ, ಟೊಮೇಟೊ, ಸಬ್ಬಸಿಗೆ ಸೊಪ್ಪಿನೊಡನೆ ಬೇಯಿಸಿ, ಕೊಂಚ ಮಸೆದು ಒಗ್ಗರಿಸಬೇಕು. ಉಳಿದ ದಿನಗಳಲ್ಲಿ ಸುಟ್ಟ ಬದನೆಕಾಯಿಯ ಗೊಜ್ಜು, ಹುರುಳಿಕಾಳಿನ ಪಲ್ಯವೂ ಆದೀತು. ನಿಯಮಗಳು ಎರಡೇ: ಪಲ್ಯ ಸೌಟಿನಿಂದ ಹರಿಯದಷ್ಟು ಗಟ್ಟಿಯಾಗಿರಬೇಕು, ಬನ್ನಿನ ಒಳಮೈಗೆ ಬೆಣ್ಣೆ ಹಚ್ಚಿ ಕಾವಲಿಯ ಮೇಲೆ ಕೆಂಪಗೆ ಕಾಯಿಸಿರಬೇಕು. ಇಲ್ಲವಾದರೆ ಬನ್ನು ರಸ ಹೀರಿ ಕೈಯಲ್ಲೇ ಒಡೆಯುವುದು.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಬೋಧನೆಗೆ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆದರೆ ಹಿತಕುವುದು, ಮಸೆಯುವುದು, ಒಗ್ಗರಿಸುವುದು ಎಂಬ ಮಾತುಗಳನ್ನು ಪಠ್ಯಪುಸ್ತಕಕ್ಕಿಂತ ಮೊದಲು ಮನೆಯೇ ಕಲಿಸಬೇಕು. ಮಕ್ಕಳು ಕೇಳುವ ತಿನಿಸು ಬನ್ನಾದರೆ ಚಿಂತೆಯಿಲ್ಲ. ಈ ಭಾನುವಾರ ನೆನೆಸಿದ ಅವರೆಕಾಳನ್ನು ಅವರ ಮುಂದಿಟ್ಟು, ಹಿತಕುವ ಕೆಲಸವನ್ನು ಅವರಿಗೇ ಒಪ್ಪಿಸಿರಿ.