ಕಲೆಗೆ ಮದ್ದುಂಟು, ಬಣ್ಣಕ್ಕೇಕೆ?

'ಗೌರವರ್ಣದ ವಧು ಬೇಕಾಗಿದ್ದಾಳೆ' ಎಂಬ ಜಾಹೀರಾತು ಕಂಡು ನಗುವ ನಾವೇ, ಬೆಳ್ಳಗಾಗುವ ಕ್ರೀಮು ಕೇಳಿಕೊಂಡು ಮೆಡಿಕಲ್ ಸ್ಟೋರಿಗೆ ಹೋಗುತ್ತೇವೆ. 1975ರಲ್ಲಿ ಮಾರುಕಟ್ಟೆಗೆ ಬಂದ 'ಫೇರ್ ಅಂಡ್ ಲವ್ಲಿ' 2020ರಲ್ಲಿ 'ಗ್ಲೋ ಅಂಡ್ ಲವ್ಲಿ' ಆಯಿತು. ಡಬ್ಬಿಯ ಹೆಸರು ಬದಲಾಯಿತು, ಸರಿ. ನಮ್ಮ ಆಸೆ ಬದಲಾಯಿತೇ?

ಮಿತ್ರರೇ, ಕಲೆ ಬೇರೆ, ಬಣ್ಣ ಬೇರೆ. ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸುವ ಜೀವಕೋಶಗಳ ಸಂಖ್ಯೆ ಬೆಳ್ಳಗಿರುವವರಲ್ಲೂ ಕಪ್ಪಗಿರುವವರಲ್ಲೂ ಹೆಚ್ಚುಕಡಿಮೆ ಒಂದೇ. ತಯಾರಾಗುವ ಮೆಲನಿನ್ನಿನ ಪ್ರಮಾಣ, ಬಗೆ ಬೇರೆ. ಬಿಸಿಲಿಗೆ ಅದು ನಮ್ಮ ಹುಟ್ಟುಕೊಡೆ. ಮೊಡವೆ ಮಾಗಿದ ಮೇಲೆ ಉಳಿಯುವ ಕಲೆ, ಕೆನ್ನೆಯ ಮೇಲಿನ ಬಂಗು, ಇವುಗಳಲ್ಲಿ ಮೆಲನಿನ್ ಒಂದೇ ಕಡೆ ಹೆಚ್ಚಾಗಿ ಕೂತಿರುತ್ತದೆ. ಅದಕ್ಕೆ ಮದ್ದುಂಟು. ಬಿ3 ಜೀವಸತ್ವದ ರೂಪವಾದ ನಯಾಸಿನಮೈಡ್ ಮೆಲನಿನ್ ಮೇಲಿನ ಕೋಶಗಳಿಗೆ ಸಾಗುವುದನ್ನು ತಗ್ಗಿಸುತ್ತದೆ. ಅಜೆಲಾಯಿಕ್ ಆಮ್ಲ, ಕೋಜಿಕ್ ಆಮ್ಲ, ಸಿ ಜೀವಸತ್ವ ಇವು ಮೆಲನಿನ್ ತಯಾರಿಸುವ ಟೈರೋಸಿನೇಸ್ ಕಿಣ್ವಕ್ಕೆ ಅಡ್ಡ ಬರುತ್ತವೆ. ಆದರೆ ಫಲ ಕಾಣಲು ತಿಂಗಳುಗಳೇ ಬೇಕು. ಮುಂಬಯಿಯ ಬಿಸಿಲಲ್ಲಿ ಸನ್‌ಸ್ಕ್ರೀನ್ ಇಲ್ಲದೆ ತಿರುಗಿದರೆ, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ನನ್ನ ತಕರಾರು ಅವಸರದ ಟ್ಯೂಬಿನ ಮೇಲೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಸ್ಟೀರಾಯ್ಡ್ ಮೂರೂ ಬೆರೆತ ಮುಲಾಮನ್ನು ಚರ್ಮವೈದ್ಯರು ಬಂಗಿಗೆಂದು ಕೆಲವು ವಾರಗಳ ಮಟ್ಟಿಗೆ ಬರೆದುಕೊಡುತ್ತಾರೆ. ಹಾಸ್ಟೆಲಿನಲ್ಲಿ ಅದು, "ಹಚ್ಚೋ ಮಾರಾಯ, ಹದಿನೈದೇ ದಿನ, ಬೆಳ್ಳಗಾಗ್ತೀಯ" ಅಂತ ಕೈಯಿಂದ ಕೈಗೆ ದಾಟುತ್ತದೆ. ಆಮೇಲೆ? ಚರ್ಮ ತೆಳುವಾಗುತ್ತದೆ, ಮುಖ ಕೆಂಪೇರುತ್ತದೆ, ಮೊಡವೆ ಏಳುತ್ತದೆ. ಹಚ್ಚುವುದನ್ನು ಬಿಟ್ಟರೆ ಉರಿ. ಹೈಡ್ರೋಕ್ವಿನೋನನ್ನು ವರ್ಷಗಟ್ಟಲೆ ಹಚ್ಚಿದರೆ ನೀಲಿಗಪ್ಪು ಕಲೆಯೇ ಕೂರಬಹುದು. ಹೆಸರು ವಿಳಾಸವಿಲ್ಲದ ಕ್ರೀಮುಗಳಲ್ಲಿ ಕೆಲವೊಮ್ಮೆ ಪಾದರಸವೂ ಇರುತ್ತದೆ; ಅದು ಮೂತ್ರಪಿಂಡಕ್ಕೇ ಏಟು. ಚರ್ಮಕ್ಕೆ ಹಚ್ಚುವ ಹಲವು ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿತು. ಕಾನೂನು ಅಂಗಡಿಯವನಿಗಾಯಿತು, ರೂಮ್‌ಮೇಟಿಗೆ ಯಾರು ಹೇಳಬೇಕು?

ಕಲೆ ಕಾಡಿದರೆ ವೈದ್ಯರಿಗೆ ತೋರಿಸೋಣ, ಅದರಲ್ಲಿ ನಾಚಿಕೆಯೇನೂ ಇಲ್ಲ. ಹುಟ್ಟಿನಿಂದ ಬಂದ ಬಣ್ಣ ಮಾತ್ರ ರೋಗವಲ್ಲ. ಎಣ್ಣೆಗಪ್ಪು ಎಂಬ ಚಂದದ ಮಾತು ನಮ್ಮ ಭಾಷೆಯಲ್ಲಿದೆ. ಮೇಘಶ್ಯಾಮನನ್ನು ಹಾಡುವ ಬಾಯಲ್ಲೇ "ಹುಡುಗಿ ಕಪ್ಪು, ಆದ್ರೆ ಲಕ್ಷಣವಾಗಿದಾಳೆ" ಅಂತಲೂ ಅನ್ನುತ್ತೇವೆ. ಆ 'ಆದ್ರೆ'ಗೆ ಯಾವ ಅಂಗಡಿಯಲ್ಲೂ ಮುಲಾಮು ಸಿಗದು. ನಮ್ಮ ಸಂಘದ ಮುಂದಿನ ನಾಟಕಕ್ಕೆ ನಾಯಕಿಯನ್ನು ಆರಿಸುವಾಗ ಅದನ್ನು ಬಿಟ್ಟು ನೋಡೋಣ.