ಗೂಡಷ್ಟೇ ಸಾಲದು, ಗುಟುಕೂ ಬೇಕು

ಮೆಡಿಟರೇನಿಯನ್ ಸಮುದ್ರದ ಕಾರ್ಸಿಕಾ ದ್ವೀಪದಲ್ಲಿ ಮುರೋ, ಪಿರಿಯೋ ಎಂಬ ಎರಡು ಕಣಿವೆಗಳಿವೆ. ಒಂದರಿಂದ ಇನ್ನೊಂದಕ್ಕೆ ಸುಮಾರು 25 ಕಿಲೋಮೀಟರ್. ಎರಡರಲ್ಲೂ ಓಕ್ ಕಾಡು. ಎರಡರಲ್ಲೂ ಬ್ಲೂ ಟಿಟ್ ಎಂಬ, ಹತ್ತು ಗ್ರಾಂ ತೂಗುವ ಹಾಡುಹಕ್ಕಿ. ಫ್ರಾನ್ಸಿನ ಪಕ್ಷಿವಿಜ್ಞಾನಿ ಜಾಕ್ ಬ್ಲಾಂಡೆಲ್ ಮತ್ತು ಸಂಗಡಿಗರು ಎರಡೂ ಕಡೆ ಗೂಡುಪೆಟ್ಟಿಗೆ ಕಟ್ಟಿ ದಶಕಗಳ ಕಾಲ ಈ ಹಕ್ಕಿಗಳ ಬೆನ್ನುಹತ್ತಿದರು. ಪೆಟ್ಟಿಗೆಗಳಲ್ಲಿ ಭೇದವಿರಲಿಲ್ಲ, ಒಳಗಿನ ಸಂಸಾರಗಳಲ್ಲಿ ಇತ್ತು. ಮುರೋದಲ್ಲಿ ಒಂದು ಗೂಡಿಗೆ ಎಂಟರ ಆಸುಪಾಸು ಮೊಟ್ಟೆ. ಪಿರಿಯೋದಲ್ಲಿ ಆರೇಳು, ಅವೂ ಸುಮಾರು ಒಂದು ತಿಂಗಳು ತಡವಾಗಿ.

ಕಾರಣ ಎಲೆಯಲ್ಲಿದೆ. ಮುರೋದ ಓಕ್ ಎಲೆ ಉದುರಿಸುವ ಜಾತಿಯದು. ವಸಂತದಲ್ಲಿ ಇಡೀ ಮರ ಚಿಗುರುತ್ತದೆ, ಎಳೆ ಚಿಗುರಿಗೆ ಹಸಿರು ಹುಳುಗಳು ಮುತ್ತುತ್ತವೆ, ಆ ಹುಳುವೇ ಮರಿಗಳ ಗುಟುಕು. ಪಿರಿಯೋದ್ದು ನಿತ್ಯಹಸಿರು ಓಕ್. ಅದು ವರ್ಷಕ್ಕೆ ಮೂರರಲ್ಲಿ ಒಂದು ಪಾಲಿನಷ್ಟು ಎಲೆಯನ್ನು ಮಾತ್ರ ಹೊಸದಾಗಿ ಬಿಡುತ್ತದೆ. ಹಳೆಯ ಎಲೆ ತೊಗಲಿನಂತೆ ಗಡುಸು, ಹುಳುವಿನ ಬಾಯಿಗೆ ಬಗ್ಗದು. ವರ್ಷವಿಡೀ ಹಸಿರಾಗಿ ಕಾಣುವ ಕಾಡೇ ಇಲ್ಲಿ ಮರಿಗಳಿಗೆ ಬಡತನದ ಕಾಡು. ಹಸಿರನ್ನು ಕಣ್ಣಳತೆಯಲ್ಲಿ ನೋಡಿ ಹಕ್ಕಿಗೆ ಒಳ್ಳೆಯ ಜಾಗವೆಂದು ತೀರ್ಮಾನಿಸುವ ನಮ್ಮ ರೂಢಿಯನ್ನೇ ಇದು ಪ್ರಶ್ನಿಸುತ್ತದೆ.

ಜಾಗ ಹೇಗಿದೆ ಎಂಬುದಕ್ಕೆ ಮರಿಯ ಮೈಯೇ ಸಾಕ್ಷಿ. ಹಸಿದ ಮರಿಯ ರಕ್ತದಲ್ಲಿ ಕಾರ್ಟಿಕೋಸ್ಟೆರೋನ್ ಎಂಬ ಒತ್ತಡದ ಹಾರ್ಮೋನ್ ಏರುತ್ತದೆ. ಅದನ್ನು ಅಳೆಯುವವರು ಮರಿಯನ್ನು ಕೈಗೆತ್ತಿಕೊಂಡ 3 ನಿಮಿಷದೊಳಗೆ ರೆಕ್ಕೆಯ ರಕ್ತನಾಳದಿಂದ ಒಂದೆರಡು ಹನಿ ತೆಗೆಯಬೇಕು; ತಡವಾದರೆ ಹಿಡಿದ ಕೈಯ ಭಯವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಬೆಳೆಯುವ ಗರಿಯಲ್ಲೂ ಈ ಹಾರ್ಮೋನ್ ಉಳಿಯುತ್ತದೆ.

ಒತ್ತಡ ಪ್ರಕೃತಿಯೇ ಕೊಟ್ಟ ಉಪಾಯ, ಅದಕ್ಕೇಕೆ ಚಿಂತೆ ಎಂದು ಕೇಳಬಹುದು. ಅರ್ಧ ನಿಜ. ಈ ಹಾರ್ಮೋನ್ ಸ್ನಾಯುವಿನ ಪ್ರೋಟೀನನ್ನು ಕರಗಿಸಿ ರಕ್ತಕ್ಕೆ ಸಕ್ಕರೆ ಒದಗಿಸುತ್ತದೆ. ಒಂದು ಹೊತ್ತಿನ ಹಸಿವನ್ನು ದಾಟಲು ಅಷ್ಟು ಸಾಕು. ಆದರೆ ಬ್ಲೂ ಟಿಟ್ ಮರಿ ಗೂಡಿನಲ್ಲಿರುವುದೇ ಸುಮಾರು 3 ವಾರ. ಅಷ್ಟರಲ್ಲಿ ಮೂಳೆ, ಗರಿ, ಮಿದುಳು ಎಲ್ಲ ಆಗಬೇಕು. ಹಸಿವು ದಿನಗಟ್ಟಲೆ ಎಳೆದರೆ ಬೆಳವಣಿಗೆಗೆ ಇಟ್ಟ ಬಂಡವಾಳವನ್ನೇ ಉಂಡಂತಾಗುತ್ತದೆ. 1998ರಲ್ಲಿ ವಿಜ್ಞಾನಿ ಸ್ಟೀಫನ್ ನೊವಿಕಿ ಮತ್ತು ಸಹೋದ್ಯೋಗಿಗಳು ಒಂದು ವಾದ ಮಂಡಿಸಿದರು: ಹಾಡು ಕಲಿಯುವ ಮಿದುಳಿನ ಭಾಗಗಳು ಬೆಳೆಯುವುದು ಎಳೆತನದಲ್ಲೇ ಆದ್ದರಿಂದ, ಆಗಿನ ಹಸಿವು ಮುಂದೆ ಹಾಡಿನಲ್ಲಿ ಕೇಳಿಸುತ್ತದೆ. ಝೀಬ್ರಾ ಫಿಂಚ್ ಮರಿಗಳ ಮೇಲಿನ ಪ್ರಯೋಗಗಳು ಇದನ್ನು ಬೆಂಬಲಿಸಿದವು. ಎಳವೆಯಲ್ಲಿ ಆಹಾರಕ್ಕೆ ಕಷ್ಟಪಟ್ಟ ಗಂಡುಗಳು ದೊಡ್ಡವಾದ ಮೇಲೆ ಚಿಕ್ಕ, ಸರಳ ಹಾಡು ಹಾಡಿದವು. ಇದು ನನ್ನನ್ನು ಬಹಳ ಕಲಕುವ ಸಂಗತಿ.

ದುರ್ಬಲ ಹಕ್ಕಿಗಳೇ ಕೆಟ್ಟ ಜಾಗದಲ್ಲಿ ನೆಲೆಸುತ್ತವೆ, ದೋಷ ಜಾಗದ್ದಲ್ಲ, ಹೆತ್ತವರದ್ದು ಎಂಬ ವಾದವೂ ಉಂಟು. ಆದರೆ ಸ್ವೀಡನ್ನಿನ ಮಾಲ್ಮೋದಲ್ಲಿ ಸಂಶೋಧಕರು ಗ್ರೇಟ್ ಟಿಟ್ ಎಂಬ ಹಕ್ಕಿಯ ಮರಿಗಳನ್ನು ನಗರ ಮತ್ತು ಗ್ರಾಮಾಂತರದ ಗೂಡುಗಳ ನಡುವೆ ಅದಲುಬದಲು ಮಾಡಿ ನೋಡಿದರು. 2016ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಎಲ್ಲಿ ಹುಟ್ಟಿದ್ದರೂ ನಗರದಲ್ಲಿ ಬೆಳೆದ ಮರಿಗಳ ಟೆಲೊಮೀರ್, ಅಂದರೆ ವರ್ಣತಂತುವಿನ ತುದಿಯ ಕಾಪು, ಗಿಡ್ಡವಾಗಿತ್ತು. ನಗರದಲ್ಲಿ ಸದ್ದು, ಹೊಗೆ, ರಾತ್ರಿಯ ಬೆಳಕು ಇವೆ. ಎಲ್ಲವನ್ನೂ ಹಸಿವಿನ ತಲೆಗೆ ಕಟ್ಟಲಾಗದು. ಆದರೂ ಹಂಗೆರಿಯಲ್ಲಿ ನಗರದ ಗ್ರೇಟ್ ಟಿಟ್ ಗೂಡುಗಳಿಗೆ ಹೆಚ್ಚುವರಿ ಹುಳು ಒದಗಿಸಿದಾಗ ಹೆಚ್ಚು ಮರಿಗಳು ಬದುಕಿ, ಚೆನ್ನಾಗಿ ಮೈತುಂಬಿಕೊಂಡವು. ಉಳಿದ ಕಾಟಗಳು ಇದ್ದಂತೆಯೇ ಇದ್ದವು. ನನ್ನ ತೂಕ ಆಹಾರದ ಕಡೆಗೇ.

ಕಾಟಗಳು ಒಂದರ ಮೇಲೊಂದು ಬೀಳುವುದೂ ಉಂಟು. ಕಾರ್ಸಿಕಾದ ಗೂಡುಗಳಲ್ಲಿ ಒಂದು ಜಾತಿಯ ನೊಣದ ಮರಿಹುಳುಗಳು ಹಕ್ಕಿಮರಿಗಳ ರಕ್ತ ಹೀರುತ್ತವೆ. ತಾಯಿಹಕ್ಕಿಗಳು ಲ್ಯಾವೆಂಡರ್, ಪುದೀನ ಜಾತಿಯ ಸುವಾಸನೆಯ ಸೊಪ್ಪಿನ ಚೂರು ತಂದು ಗೂಡಿಗೆ ಹಾಸುತ್ತವೆ. ಯಾರಾದರೂ ತೆಗೆದರೆ ಮತ್ತೆ ತರುತ್ತವೆ. ಹೊಟ್ಟೆತುಂಬಿದ ಮರಿ ಕಳೆದುಕೊಂಡ ರಕ್ತವನ್ನು ತುಂಬಿಕೊಂಡೀತು, ಹಸಿದ ಮರಿಗೆ ಅದು ಎರಡನೆಯ ಪೆಟ್ಟು.

ನಮ್ಮಲ್ಲಿ ಮಾರ್ಚ್ 20ರ ವಿಶ್ವ ಗುಬ್ಬಚ್ಚಿ ದಿನಕ್ಕೆ ಗೂಡುಪೆಟ್ಟಿಗೆ ಹಂಚುವುದು ರೂಢಿಯಾಗಿದೆ. ಒಳ್ಳೆಯ ಕೆಲಸ, ಆದರೆ ಅರ್ಧ ಕೆಲಸ. ಗುಬ್ಬಿ ಕಾಳು ತಿನ್ನುವ ಹಕ್ಕಿಯಾದರೂ ಎಳೆ ಮರಿಗೆ ತರುವುದು ಹುಳುಹುಪ್ಪಟೆಯನ್ನು. ಅಮೆರಿಕದ ವಾಷಿಂಗ್ಟನ್ ಸುತ್ತಲಿನ ಮನೆಯಂಗಳಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಗಿಡಮರಗಳಲ್ಲಿ ದೇಸಿ ಜಾತಿಗಳ ಪಾಲು ನೂರಕ್ಕೆ 70ಕ್ಕಿಂತ ಕಡಿಮೆಯಾದರೆ ಅಲ್ಲಿನ ಚಿಕಡೀ ಹಕ್ಕಿಯ ಸಂತತಿ ಉಳಿಯುವುದು ಕಷ್ಟ. ನಮ್ಮೂರಿಗೆ ಆ ಅಂಕಿ ಹಾಗೇ ಹೊಂದಬೇಕಿಲ್ಲ, ಆದರೆ ದಾರಿ ಅದೇ. ಪೆಟ್ಟಿಗೆ ಕಟ್ಟುವವರು ಹತ್ತಿರದಲ್ಲೇ ಒಂದು ಹೊಂಗೆಯನ್ನೋ ಕರಿಬೇವನ್ನೋ ನೆಡಿ. ಅದರ ಕುಡಿಯನ್ನು ಹುಳು ತಿಂದರೆ ದಯವಿಟ್ಟು ಔಷಧಿ ಹೊಡೆಯಬೇಡಿ.